ಬಾಯಿ ಬಿಡದ ಮುನಿರತ್ನಮ್ಮ

ಆವತ್ತು ನವ್ಯ ಹುರುಳಿಕಾಳಿನ ಸಾರು ಮಾಡಿದ್ದಳು. ಒಗ್ಗರಣೆಯ ಬೆಳ್ಳುಳ್ಳಿ ಘಮ ಕೊಟ್ಟಿಗೆವರೆಗೂ ಹೋಗಿ, ಹಸುವಿಗೆ ಹುಲ್ಲು ಹಾಕುತ್ತಿದ್ದ ಮಾವ ವೆಂಕಟೇಶಪ್ಪ ಅಲ್ಲಿಂದಲೇ "ಏನಮ್ಮಾ ಇವತ್ತು, ಹುರುಳಿ ಸಾರಾ?" ಎಂದು ಕೂಗಿದ್ದ. ಎಲ್ಲರೂ ಕೂತರು. ಅತ್ತೆ ಮುನಿರತ್ನಮ್ಮ ಮುದ್ದೆಯ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟವಳು ಕಣ್ಣು ಮುಚ್ಚಿದಳು. ನುಂಗಲಾರದೆ ನುಂಗಿದಳು. ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

"ಮೆಣಸಿನಕಾಯಿ ಎಷ್ಟ್ ಆಕಿದೀಯೆ? ನನ್ನ ಸಾಯ್ಸಕ್ಕೆ ಮಾಡಿದ್ಯಾ?"

ನವ್ಯಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಯಾವಾಗ್ಲೂ ಹಾಕೋಷ್ಟೇ ಹಾಕಿದೀನಿ ಅತ್ತೆ. ನೀವೇ ಹೇಳ್ಕೊಟ್ಟಿದ್ದು."

"ಸಾರು ಚೆನ್ನಾಗೈತಲ್ಲೇ," ಎಂದ ವೆಂಕಟೇಶಪ್ಪ, "ನಿಂಗೇನಾಯ್ತು?"

"ಚೆನ್ನಾಗಿದ್ರೆ ನೀವೇ ಉಣ್ಣಿ." ಮುನಿರತ್ನಮ್ಮ ಎದ್ದು, ತಟ್ಟೆಯಲ್ಲಿದ್ದ ಮುದ್ದೆಯನ್ನು ಹಸುವಿಗೆ ಇಡುವ ಕಲಗಚ್ಚಿನ ಬಾನಿಗೆ ಹಾಕಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೊರಟುಹೋದಳು.

ನವ್ಯಳ ಗಂಡ ಚಿರಂಜೀವಿ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನು ಕೆ.ಜಿ.ಎಫ್.ನ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು. ಊಟದ ಹೊತ್ತಿಗೆ ಮನೆಯಲ್ಲಿ ಇರುವುದೇ ಅಪರೂಪ. ಮೂಲೆಯಲ್ಲಿ ಕೂತಿದ್ದ ವೆಂಕಟೇಶಪ್ಪನ ತಾಯಿ ಅಮ್ಮಾಜಮ್ಮ ಮಾತ್ರ, "ಇನ್ನೊಂದ್ ಸೌಟು ಸಾರು ಬಿಡು ಅಮ್ಮಣ್ಣಿ, ಅವ್ಳ್ ಕ್ವಾಪ ಅವ್ಳಿಗೆ," ಎಂದು ತಟ್ಟೆ ಮುಂದೆ ಮಾಡಿದಳು.

ಕ್ಯಾಸಂಬಳ್ಳಿಗೆ ಹತ್ತಿರದ ಆ ಊರಿನಲ್ಲಿ ಮುನಿರತ್ನಮ್ಮನ ಊಟವೆಂದರೆ ಹೆಸರಾದ ಊಟ. ಗದ್ದೆ ಕೆಲಸ, ಹಸುಗಳ ಕೆಲಸ ಎರಡನ್ನೂ ಮಾಡಿ ಬಂದು, ಗಂಡಸರ ಸಮಕ್ಕೆ ಮುದ್ದೆ ಉಂಡು, ಮೇಲೆ ಹಸಿ ಮೆಣಸಿನಕಾಯಿ ಕಡಿದವಳು. ನವ್ಯ ಬಂಗಾರಪೇಟೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ, "ಟೌನ್ ಹುಡುಗಿ, ಖಾರ ತಿನ್ನೋಕ್ ಬರಲ್ಲ," ಎಂದು ನಗುನಗುತ್ತಲೇ ಮಸಾಲೆ ಅರೆಯುವುದನ್ನು ಕಲಿಸಿದ್ದಳು. ಆಗ ಇಬ್ಬರೂ ಒಟ್ಟಿಗೆ ಅವರೆಕಾಳು ಹಿಸುಕುತ್ತಾ ಕೂತು ಹರಟಿದ್ದುಂಟು.

ಅದೇ ಅತ್ತೆ ಶಿವರಾತ್ರಿ ಕಳೆದಮೇಲೆ ಬೇರೆಯವಳಂತಾದಳು. ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಹುಳಿ, ಒಂದು ದಿನ ಮುದ್ದೆ ಗಟ್ಟಿ. ಅತ್ತೆಸೊಸೆ ಮಾತಾಡುವುದು ಕಡಿಮೆಯಾಯಿತು. ಅಮ್ಮಾಜಮ್ಮನ ಜೊತೆ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವಳು ಅದನ್ನೂ ಬಿಟ್ಟಳು. ಡೈರಿಗೆ ಹಾಲು ಹಾಕಲು ಹೋದರೆ ಹೆಂಗಸರ ಗುಂಪಿಗೆ ಸೇರದೆ ದೂರ ನಿಂತಳು. ರವಿಕೆ ತೋಳು ಸಡಿಲವಾಗುತ್ತಾ ಬಂತು.

"ಸೊಸೆ ಕೈ ಊಟ ನಮ್ಮವ್ಳಿಗೆ ಸೇರಾಕಿಲ್ಲ," ಎಂದು ಅಮ್ಮಾಜಮ್ಮ ಪಕ್ಕದ ಮನೆಯ ಮುನಿನಾರಾಯಣಮ್ಮನ ಹತ್ತಿರ ಸುಮ್ಮನೆ ಅಂದಳು. ಆಕೆಯ ಬಾಯಿಂದ ಡೈರಿಗೆ, ಡೈರಿಯಿಂದ ಬಸ್ಸಿಗೆ, ಬಸ್ಸಿನಿಂದ ಬಂಗಾರಪೇಟೆಗೆ ಮಾತು ತಲುಪುವ ಹೊತ್ತಿಗೆ ಅದು, 'ಸೊಸೆ ಮಾಡಿದ್ದನ್ನ ಅತ್ತೆ ಹಸೂಗೆ ಸುರೀತಾಳಂತೆ' ಎಂದಾಗಿತ್ತು. ಮುಂದಿನ ಭಾನುವಾರವೇ ನವ್ಯಳ ತಾಯಿ ಸುಮಲತ ಬಂದಿಳಿದಳು.

"ಏನ್ ಅತ್ಗೆ," ಎಂದಳು ಸುಮಲತ, ಚಾಪೆಯ ಮೇಲೆ ಕೂರುವ ಮೊದಲೇ. "ನನ್ ಮಗಳು ಅಡುಗೇಲಿ ವಿಷ ಹಾಕ್ತಾಳಾ?"

ಮುನಿರತ್ನಮ್ಮ ಸೆರಗಿನ ಹಿಂದಿನಿಂದ, "ಯಾರ್ ಅಂದೋರು?" ಎಂದಳು. ಅಷ್ಟೇ.

"ಊರೇ ಅಂತಿದೆ. ಹೆಣ್ಣು ಕೊಟ್ಟೋರು ನಾವು ತಲೆ ಎತ್ಕೊಂಡು ತಿರಗ್ಬೇಕಾ ಬೇಡ್ವಾ? ತಪ್ಪಿದ್ರೆ ಬಾಯಿಬಿಟ್ಟು ಹೇಳಿ. ಬಾಯ್ಗೆ ಬಟ್ಟೆ ಅಡ್ಡ ಹಿಡ್ಕೊಂಡು ಮಾತಾಡೋದ್ ಯಾವ ಮರ್ಯಾದೆ?"

ಮುನಿರತ್ನಮ್ಮನ ಕಣ್ಣು ಕೆಂಪಾದವು. ಏನೋ ಹೇಳಲು ಬಂದದ್ದನ್ನು ನುಂಗಿಕೊಂಡು, ಕುಡುಗೋಲು ತೆಗೆದುಕೊಂಡು ಹುಲ್ಲು ಕೊಯ್ಯಲು ಹೊರಟೇಬಿಟ್ಟಳು. ನವ್ಯ ಕಾಯಿಸಿದ ಕಾಫಿ ಆರುತ್ತಾ ಇತ್ತು. ಸುಮಲತ ಅದನ್ನು ಮುಟ್ಟದೆ ಎದ್ದಳು. "ಬೇಡಪ್ಪ ಈ ಮನೆ ಕಾಫಿ," ಎಂದು ಅಳಿಯನ ಮುಖ ನೋಡಿ, "ನೀವಾದ್ರೂ ಏನಾದ್ರೂ ದಾರಿ ನೋಡಿ," ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

ಅದೇ ಸಂಜೆ ಚಿರಂಜೀವಿ ಬಾಯಿಬಿಟ್ಟ. "ಅಪ್ಪ, ರಾಬರ್ಟ್‌ಸನ್‌ಪೇಟೇಲಿ ಬಾಡಿಗೆಗೆ ಒಂದ್ ಮನೆ ನೋಡಿದೀನಿ. ಪೆರುಮಾಳ್ ಅಂತ ನಮ್ ಕಾರ್ಖಾನೇಲಿ ಇದ್ದೋರ್ದು. ನಂಗೂ ಕೆಲ್ಸಕ್ಕೆ ಅತ್ರ."

"ಏನ್ಲಾ ಅಂದೆ?" ವೆಂಕಟೇಶಪ್ಪ ಹಾಲಿನ ಕ್ಯಾನು ಕೆಳಗಿಟ್ಟ. "ಮನೇಲಿ ಒಂದ್ ಸಾರಿಗೆ ಜಗಳ ಆಯ್ತು ಅಂತ ಮನೆ ಬಿಡ್ತೀಯಾ?"

"ಒಂದ್ ಸಾರಲ್ಲಪ್ಪ, ದಿನಾ ಇದೇ. ಅವ್ಳು ಅಡಿಗೆಮನೇಲಿ ಅಳ್ತಾಳೆ, ನಂಗೆ ಕೆಲ್ಸದಲ್ಲಿ ಗ್ಯಾನ ಇರಾಕಿಲ್ಲ."

"ಎಂಡ್ತಿ ಅತ್ತ್ಲು ಅಂತ..."

"ಓಗ್ಲಿ ಬಿಡಿ," ಎಂದಳು ಮುನಿರತ್ನಮ್ಮ ಬಾಗಿಲ ಹತ್ತಿರದಿಂದ. "ಓದ್ರೇನೇ ಒಳ್ಳೇದು."

ಅತ್ತೆಗೆ ತಾನು ಬೇಡವಾಗಿದ್ದೇನೆ ಎಂಬುದು ನವ್ಯಳಿಗೆ ಆ ಮಾತಿನಿಂದ ಖಚಿತವಾಯಿತು. ಮಾರನೆಯ ದಿನವೇ ತನ್ನ ಪಾತ್ರೆಗಳನ್ನು ಬೇರೆ ಇಡತೊಡಗಿದಳು.

ಹಾಗಿರುವಾಗ ಒಂದು ಬೆಳಿಗ್ಗೆ ಕೊಟ್ಟಿಗೆಯಿಂದ ಬಿಂದಿಗೆ ಬಿದ್ದ ಸದ್ದು ಕೇಳಿ ನವ್ಯ ಓಡಿದಳು. ಮುನಿರತ್ನಮ್ಮ ಹಾಲು ಕರೆಯಲು ಕುಕ್ಕರುಗಾಲಲ್ಲಿ ಕೂತವಳು ಏಳಲಾರದೆ ಗೋಡೆ ಹಿಡಿದುಕೊಂಡಿದ್ದಳು. ಹಾಲೆಲ್ಲ ಚೆಲ್ಲಿತ್ತು. ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿತ್ತು. ಎರಡೂ ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ, ನೇರಳೆಹಣ್ಣಿನ ಗಾತ್ರದ ಕೆಂಪು ಗಂಟುಗಳು.

"ಅಯ್ಯೋ, ಇದೇನತ್ತೆ!" ನವ್ಯ ಕೈಯಿಟ್ಟಳು. ಚರ್ಮ ಬಿಸಿಯಾಗಿತ್ತು. ಮುಟ್ಟಿದ ಕೂಡಲೇ ಮುನಿರತ್ನಮ್ಮ ಕಿರುಚಿದಳು. ಕಿರುಚಿದಾಗ ಬಾಯಿ ಅಗಲವಾಗಿ ತೆರೆಯಿತು. ನಾಲಿಗೆಯ ಅಂಚಿನಲ್ಲಿ, ತುಟಿಯ ಒಳಗೆ, ಕೆನ್ನೆಯ ಒಳಗೆ ಬೆಳ್ಳನೆಯ ಗುಂಡು ಗುಂಡು ಹುಣ್ಣುಗಳು, ಸುತ್ತ ಕೆಂಪು. ತುಟಿಯ ಎರಡು ಕೊನೆಗಳೂ ಒಡೆದಿದ್ದವು.

ನವ್ಯ ಅಲ್ಲೇ ಸಗಣಿ ನೆಲದ ಮೇಲೆ ಕೂತುಬಿಟ್ಟಳು. "ಬಾಯಿ ಹಿಂಗಿಟ್ಕೊಂಡು ನನ್ ಸಾರು ತಿಂತಿದ್ರಾ?"

ಮುನಿರತ್ನಮ್ಮ ಸೆರಗು ಎಳೆದುಕೊಂಡಳು. "ಯಾರ್ಗೂ ಏಳ್ಬೇಡ ಕಣೇ. ನಿನ್ ದಮ್ಮಯ್ಯ."

"ಯಾಕೆ?"

"ನಮ್ಮಕ್ಕಂಗೆ ಇಂಗೇ ಸುರುವಾಗಿದ್ದು. ಎಲೆ ಅಡಿಕೆ ಜೊತೆ ಒಗೆಸೊಪ್ಪು ಆಕ್ಕೊಂತಿದ್ಲು. ಬಾಯಾಗ್ ಉಣ್ಣಾಗೈತೆ ಅಂದ್ಲು. ದವಡೆ ಕೊಯ್ದ್ರು. ಕೊನ್ಗೆ ಅವ್ಳ್ ಮಕ್ಳೇ ಅವ್ಳ್ ಅತ್ರ ಕೂರ್ತಾ ಇರ್ಲಿಲ್ಲ, ವಾಸ್ನೆ ಅಂತ." ಅವಳು ಸೀರೆ ಇಳಿಸಿ ಕಾಲು ಮುಚ್ಚಿಕೊಂಡಳು. "ನೀನು ಹೊಸದಾಗ್ ಬಂದೋಳು. ನನ್ನ ಅಂಗೆ ನೋಡೋದು ಬ್ಯಾಡ. ಅದಕ್ಕೇ ಓಗ್ಲಿ ಅಂದೆ."

ಇಷ್ಟು ದಿನ ತನ್ನ ಮೇಲಿನ ಸಿಟ್ಟು ಎಂದುಕೊಂಡಿದ್ದು ಏನಾಗಿತ್ತೆಂಬುದು ಈಗ ಅರ್ಥವಾಗಿ, ನವ್ಯ ಅತ್ತೆಯ ತೋಳು ಹಿಡಿದು ನಿಧಾನಕ್ಕೆ ಎಬ್ಬಿಸಿದಳು. ಆಮೇಲೆ ಒಳಗೆ ಹೋಗಿ ತಣ್ಣಗಿನ ಮಜ್ಜಿಗೆಗೆ ಅನ್ನ ಕಿವುಚಿ ತಂದುಕೊಟ್ಟಳು. ಮುನಿರತ್ನಮ್ಮ ಅದನ್ನು ಗೋಡೆ ಕಡೆ ತಿರುಗಿ ಕುಡಿದಳು.

ಬಾಯಿಯ ಸಂಗತಿಯನ್ನು ನವ್ಯ ಮುಚ್ಚಿಟ್ಟಳು; ಆದರೆ ಕುಂಟುವ ಕಾಲನ್ನು ಮುಚ್ಚಿಡುವುದು ಹೇಗೆ? ಗಂಟುಗಳನ್ನು ನೋಡಿದ ಅಮ್ಮಾಜಮ್ಮ, "ದೇವುಡಾ! ಇದು ನಾಗಪ್ಪನ ಶಾಪ. ಓದ್ಸಲ ಟ್ಯಾಕ್ಟರ್‌ನಾಗೆ ಹುತ್ತ ಕೆಡವಿದ್ರಲ್ಲಾ ಬದುವಿನ್ ಮ್ಯಾಲೆ, ಅದೇ," ಎಂದಳು. ವೆಂಕಟೇಶಪ್ಪ ಪಕ್ಕದೂರಿಂದ ಯಾರನ್ನೋ ಕರೆತಂದು ಕಾಲಿಗೆ ಕೆಮ್ಮಣ್ಣು ಹಚ್ಚಿಸಿದ. ಒಣಗಿದ ಮಣ್ಣು ಎಳೆದು ಇನ್ನಷ್ಟು ನೋವಾಯಿತು.

"ಮಣ್ಣಿಂದ ವಾಸಿ ಆಗೋ ಅಂಗಿದ್ರೆ ಆಸ್ಪತ್ರೆ ಯಾಕ್ ಕಟ್ತಿದ್ರಪ್ಪ?" ಎಂದು ಚಿರಂಜೀವಿ ರೇಗಿದ.

"ನಿಂಗೇನ್ಲಾ ಗೊತ್ತು? ನಮ್ ಕಾಲ್ದಾಗೆ..."

"ನಿಮ್ ಕಾಲ್ದಾಗೆ ಎಷ್ಟ್ ಜನ ಬದುಕಿದ್ರು ಅಂತ ಅಜ್ಜೀನ್ ಕೇಳು."

"ನಾನ್ ಬದುಕಿದೀನಲ್ಲಾ!" ಎಂದಳು ಅಮ್ಮಾಜಮ್ಮ ಮೂಲೆಯಿಂದ.

ಅಷ್ಟರಲ್ಲಿ ಡೈರಿ ಹತ್ತಿರ ಮುನಿನಾರಾಯಣಮ್ಮ, "ಚರ್ಮದ್ ಕಾಯ್ಲೆ, ಅಂಟುತ್ತೋ ಏನೋ," ಎಂದು ಸರಿದು ನಿಂತಳಂತೆ. ಮನೆಗೆ ಬಂದು ಹಾಲು ಒಯ್ಯುತ್ತಿದ್ದ ಟೀಚರಮ್ಮನ ಮನೆಯವರು ಬರುವುದನ್ನೇ ಬಿಟ್ಟರು. ಮುನಿರತ್ನಮ್ಮ ಡೈರಿಗೆ ಹೋಗುವುದನ್ನು ನಿಲ್ಲಿಸಿದಳು.

ನವ್ಯ ಇನ್ನು ತಡೆಯಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ತಾನು ಹಲ್ಲು ತೋರಿಸಿದ್ದ ಡಾಕ್ಟರ್ ಭಾರ್ಗವಿಯವರ ಹತ್ತಿರ ಹೋಗೋಣವೆಂದು ಹಟ ಹಿಡಿದಳು.

"ಬ್ಯಾಡ. ಅವ್ರು ಆ ಮಾತು ಅಂದ್ರೆ ನಾನು ಅಲ್ಲೇ ಸತ್ತೋಯ್ತೀನಿ."

"ಅಂದ್ರೆ ಬೇಗ ಗೊತ್ತಾಗ್ಲಿ. ಅಲ್ಲ ಅಂದ್ರೂ ಗೊತ್ತಾಗ್ಲಿ. ಹಿಂಗೆ ಗೋಡೆ ಕಡೆ ತಿರುಗ್ಕೊಂಡು ಎಷ್ಟು ದಿನ ಉಣ್ತೀರ?"

ಮಾರನೆಯ ದಿನ ಮುನಿರತ್ನಮ್ಮ ಸೀರೆ ಬದಲಿಸಿಕೊಂಡು ಹೊರಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೊಸೆಯ ಕೈ ಹಿಡಿದೇ ಕೂತಿದ್ದಳು.

ಭಾರ್ಗವಿ ಟಾರ್ಚು ಹಿಡಿದು ನಿಧಾನವಾಗಿ ನೋಡಿದರು. ಕೈಗವಸು ಹಾಕಿದ ಬೆರಳಿನಿಂದ ನಾಲಿಗೆಯ ಅಂಚು ಒತ್ತಿದರು, ಕುತ್ತಿಗೆ ಮುಟ್ಟಿದರು.

"ಈ ಹುಣ್ಣು ಒಂದೇ ಜಾಗದಲ್ಲಿ ಇರುತ್ತಾ, ಬಂದು ಹೋಗುತ್ತಾ?"

"ಬತ್ತೈತೆ, ವಾಸಿ ಆಗ್ತೈತೆ, ಪಕ್ಕದಾಗೆ ಇನ್ನೊಂದ್ ಬತ್ತೈತೆ."

"ನೀವು ಹೆದರ್ಕೊಂಡಿರೋದು ಕ್ಯಾನ್ಸರ್‌ಗೆ ಅಲ್ವಾ? ನೋಡೋಕೆ ಹಾಗೆ ಕಾಣ್ತಿಲ್ಲಮ್ಮ. ಅದು ಗಟ್ಟಿಯಾಗಿ ಒಂದೇ ಕಡೆ ಕೂತಿರುತ್ತೆ, ಬಿಟ್ಟು ಹೋಗಲ್ಲ." ಮುನಿರತ್ನಮ್ಮ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದವಳು ಕೈ ಸಡಿಲಿಸಿದಳು. ಎದ್ದು ಇಳಿಯುವಾಗ ಮುಖ ಕಿವುಚಿದ್ದನ್ನು ಡಾಕ್ಟರ್ ಗಮನಿಸಿದರು. "ಕಾಲಿಗೇನಾಗಿದೆ?"

ನವ್ಯ ಸೀರೆಯಂಚು ಸರಿಸಿ ತೋರಿಸಿದಳು. ಭಾರ್ಗವಿ ಬಗ್ಗಿ ನೋಡಿ, ಇದ್ದಕ್ಕಿದ್ದಂತೆ ಕೇಳಿದರು: "ಹೊಟ್ಟೆ ಹೇಗಿದೆ ಅಮ್ಮ?"

ಮುನಿರತ್ನಮ್ಮ ಸೊಸೆಯ ಮುಖ ನೋಡಿದಳು. ನೆಲ ನೋಡಿದಳು.

"ನಾನು ಹೊರಗಿರ್ತೀನಿ ಅತ್ತೆ," ಎಂದಳು ನವ್ಯ.

"ಬ್ಯಾಡ. ಇರು." ಆಮೇಲೆ ಅವಳು ಸೀರೆಯ ಅಂಚನ್ನು ತಿರುವುತ್ತಾ ಎಲ್ಲ ಹೇಳಿದಳು. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಹಿತ್ತಲಿಗೆ ಹೋಗುವುದು. ಹೊಟ್ಟೆಯ ಬಲಗಡೆ ಕೆಳಗೆ ತಿರುಚುವ ನೋವು. ಸಿಂಬಳದ ಹಾಗೆ, ಕೆಲವು ಸಲ ರಕ್ತ. ಮೂಲವ್ಯಾಧಿ ಎಂದುಕೊಂಡಿದ್ದು. ಕಾಲುನೋವಿಗೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗುತ್ತಿದ್ದದ್ದು.

"ಆ ನೋವಿನ ಮಾತ್ರೆ ಇವತ್ತೇ ನಿಲ್ಲಿಸಿ. ಅದರಿಂದ ಹೊಟ್ಟೆ ಇನ್ನೂ ಕೆಡಬಹುದು," ಎಂದರು ಭಾರ್ಗವಿ. "ಬಾಯಿ, ಕಾಲು, ಹೊಟ್ಟೆ ಅಂತ ಮೂರು ಕಾಯಿಲೆ ಇಲ್ಲದೆ ಒಂದೇ ಇರಬಹುದು. ಕರುಳಲ್ಲಿ ಉರಿ ಬಂದರೆ ಕೆಲವರಿಗೆ ಬಾಯಲ್ಲೂ ಚರ್ಮದಲ್ಲೂ ಹೀಗೆ ಕಾಣಿಸ್ಕೊಳ್ಳುತ್ತೆ. ನಾನು ಹಲ್ಲಿನ ಡಾಕ್ಟರು, ಇದೇ ಅಂತ ನಾನು ಹೇಳೋಕಾಗಲ್ಲ. ಕರುಳು ನೋಡೋ ಡಾಕ್ಟರಿಗೆ ಬರೆದು ಕೊಡ್ತೀನಿ. ತಡ ಮಾಡಬೇಡಿ."

ಮನೆಗೆ ಬಂದು ನವ್ಯ ಎಲ್ಲರೆದುರಿಗೇ ವಿಷಯ ಹೇಳಿದಳು. ವೆಂಕಟೇಶಪ್ಪ ಹೆಂಡತಿಯ ಹತ್ತಿರ ಹೋಗಿ ಕೂತ.

"ಇಷ್ಟ್ ದಿನ ನಂಗ್ಯಾಕ್ ಏಳ್ಲಿಲ್ಲ?"

"ಏನಂತ ಏಳ್ಲಿ? ಹಿತ್ಲಿಗ್ ಓಗಿದ್ನೆಲ್ಲ ಗಂಡಂಗೆ ಏಳ್ತಾರಾ?"

"ನೀನು ಬೆಳಿಗ್ಗೆ ಬ್ಯಾಗ ಎದ್ದೋಗ್ತಿದ್ದೆ. ಕೆಲ್ಸ ಜಾಸ್ತಿ ಅಂತ ತಿಳ್ಕೊಂಡಿದ್ದೆ ನಾನು." ಅವನು ಅವಳ ಕಾಲಿನ ಗಂಟುಗಳನ್ನು ನೋಡಿದ. "ಎದ್ದು ಒಂದ್ ಸಲ ನೋಡ್ನಿಲ್ಲ."

ಮಾರನೆಯ ದಿನದಿಂದ ಹಾಲು ಕರೆಯುವ ಕೆಲಸ ಅವನದಾಯಿತು. ಮುನಿರತ್ನಮ್ಮನ ಕೈಗೆ ಒಗ್ಗಿದ ಹಸು ಅವನನ್ನು ಕಂಡರೆ ಬಾಲ ಬೀಸಿ ಮುಖಕ್ಕೆ ಹೊಡೆಯುತ್ತಿತ್ತು. "ಅಪ್ಪ, ಅಮ್ಮನ್ ಸೀರೆ ಉಟ್ಕೊಂಡ್ ಓಗು, ಕೊಡ್ತೈತೆ," ಎಂದು ಚಿರಂಜೀವಿ ನಕ್ಕರೆ, "ಬಾಯ್ ಮುಚ್ಚಲಾ, ಬಂದು ಕರು ಇಡ್ಕೋ," ಎಂದು ಬೈದ. ಬಹಳ ದಿನಗಳ ಮೇಲೆ ಅಪ್ಪಮಗ ಒಟ್ಟಿಗೆ ನಕ್ಕದ್ದು ಅದು.

ಚಿರಂಜೀವಿ ರಜೆ ಹಾಕಿದ. ಅಮ್ಮನನ್ನೂ ಹೆಂಡತಿಯನ್ನೂ ಕರೆದುಕೊಂಡು ಮಾರಿಕುಪ್ಪಂ ಕಡೆಯಿಂದ ಬರುವ ರೈಲಿನಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದ. ರಕ್ತ ಪರೀಕ್ಷೆ ಮಾಡಿದರು, ಎದೆಯ ಎಕ್ಸ್‌ರೇ ತೆಗೆದರು. ಹೊಟ್ಟೆ ಖಾಲಿಯಾಗಲೆಂದು ಲೀಟರುಗಟ್ಟಲೆ ಔಷಧದ ನೀರು ಕುಡಿಸಿ, ಕೊಳವೆ ಬಿಟ್ಟು ಕರುಳು ನೋಡಿದರು. ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಟಿ.ಬಿ. ಕೂಡ ಕರುಳಿನಲ್ಲಿ ಹೀಗೇ ಕಾಣುತ್ತದೆ, ಅದಲ್ಲವೆಂದು ಗೊತ್ತಾದ ಮೇಲೇ ಔಷಧ ಶುರು ಮಾಡುವುದು ಎಂದರು. ರಿಪೋರ್ಟು ಬರುವವರೆಗಿನ ದಿನಗಳು ಆ ಮನೆಗೆ ಬಹಳ ಉದ್ದವಾದವು. ಅಮ್ಮಾಜಮ್ಮ ಕೂಡ ನಾಗಪ್ಪನ ಮಾತೆತ್ತಲಿಲ್ಲ.

ರಿಪೋರ್ಟು ನೋಡಿದ ಡಾಕ್ಟರು ಸಿಂಧು ಎಂಬ ಕಿರಿಯ ವಯಸ್ಸಿನವರು. "ಟಿ.ಬಿ. ಅಲ್ಲ, ಕ್ಯಾನ್ಸರೂ ಅಲ್ಲ. ಇದಕ್ಕೆ ಕ್ರೋನ್ಸ್ ಅಂತಾರೆ," ಎಂದರು. "ನಮ್ಮ ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳ್ಕೊಂಡು ಕರುಳಿನ ಮೇಲೆ ತಿರುಗಿ ಬೀಳುತ್ತೆ. ಕರುಳಿನ ಉರಿ ಹೆಚ್ಚಾದಾಗ ಬಾಯಿ ಹುಣ್ಣು, ಕಾಲಿನ ಗಂಟು. ಕರುಳು ಶಾಂತವಾದರೆ ಅವೂ ಹೆಚ್ಚಾಗಿ ತಾವೇ ಇಳೀತವೆ. ರಕ್ತ, ಕಬ್ಬಿಣದಂಶ ಕಡಿಮೆಯಾಗಿರೋದಕ್ಕೆ ತುಟಿ ಒಡೆದಿರೋದು."

"ಅಂಟ್ತೈತಾ?" ಎಂದಳು ಮುನಿರತ್ನಮ್ಮ.

"ಅಂಟಲ್ಲ. ಒಂದೇ ತಟ್ಟೇಲಿ ಉಂಡರೂ ಅಂಟಲ್ಲ."

ಮುನಿರತ್ನಮ್ಮ ಪಕ್ಕದಲ್ಲಿ ಕೂತಿದ್ದ ನವ್ಯಳ ಕಡೆ ನೋಡದೆ ಕೇಳಿದಳು: "ಇವ್ಳ್ ಮಾಡೋ ಸಾರಿಂದ ಬಂದಿದ್ದಲ್ಲ ತಾನೇ? ಊರಾಗೆ ಕೇಳ್ತಾರೆ. ಡಾಕ್ಟ್ರೇ ಅಲ್ಲ ಅಂದ್ರು ಅಂತ ನಾನು ಏಳ್ಬೇಕು."

ಡಾಕ್ಟರ್ ನಕ್ಕರು. "ಸಾರಿಂದ ಯಾರಿಗೂ ಇದು ಬರಲ್ಲ. ಹುಣ್ಣು ಇರೋವಾಗ ಖಾರ ಉರಿಯುತ್ತೆ, ಅಷ್ಟೇ. ಆದರೆ ಒಂದು ಮಾತು. ಇದು ಬೇರು ಸಮೇತ ಕಿತ್ತು ಹೋಗೋ ಕಾಯಿಲೆ ಅಲ್ಲ, ಹತೋಟಿಯಲ್ಲಿ ಇಟ್ಕೊಳ್ಳೋ ಕಾಯಿಲೆ. ಚೆನ್ನಾಗಾಯ್ತು ಅಂತ ನೀವೇ ಮಾತ್ರೆ ನಿಲ್ಲಿಸಬಾರದು."

ನವ್ಯ ಕಿಟಕಿ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಅಡುಗೆಮನೆಯಲ್ಲಿ ಈಗ ಎರಡು ಪಾತ್ರೆ. ಒಂದರಲ್ಲಿ ಮನೆಯವರ ಸಾರು, ಇನ್ನೊಂದರಲ್ಲಿ ಮುನಿರತ್ನಮ್ಮನಿಗೆ ಖಾರವಿಲ್ಲದ ತೊವ್ವೆ. ಅನ್ನ ಮೆತ್ತಗೆ, ಮುದ್ದೆ ಸಡಿಲ. ಎಲ್ಲ ಆರಿಸಿ, ಬಿಸಿ ಇಲ್ಲದಂತೆ. ನವ್ಯ ಬಡಿಸುವಾಗ ಅಮ್ಮಾಜಮ್ಮ ಮುನಿರತ್ನಮ್ಮನ ತಟ್ಟೆಗೆ ಇಣುಕಿ, "ಇದ್ಯಾವ್ ಊಟನೇ, ಬಾಣಂತಿ ಊಟ," ಎಂದು ಮೂಗು ಮುರಿಯುತ್ತಿದ್ದಳು. ಆಮೇಲೆ ತನಗೂ ಹಲ್ಲಿಲ್ಲವೆಂಬ ನೆಪದಲ್ಲಿ ಅದರಿಂದಲೇ ಒಂದು ಸೌಟು ಹಾಕಿಸಿಕೊಳ್ಳುತ್ತಿದ್ದಳು.

ಹುಣ್ಣುಗಳು ಮೊದಲು ಹೋದವು. ಕಾಲಿನ ಗಂಟುಗಳು ಕೆಂಪಿನಿಂದ ನೀಲಿಗೆ, ನೀಲಿಯಿಂದ ಹಳೆಯ ಪೆಟ್ಟಿನ ಕಂದು ಬಣ್ಣಕ್ಕೆ ತಿರುಗಿ ಕುಗ್ಗತೊಡಗಿದವು. ಹಿತ್ತಲಿನ ಓಡಾಟ ಕಡಿಮೆಯಾಯಿತು. ಮಾತ್ರೆಯಿಂದ ಮುಖ ಮಾತ್ರ ಊದಿಕೊಂಡು ದುಂಡಗಾಯಿತು. ಅದನ್ನೇ ಹಿಡಿದು ಮುನಿನಾರಾಯಣಮ್ಮ ಒಂದು ದಿನ ಬೇಲಿಯಾಚೆಯಿಂದ, "ಇಂಗ್ಲಿಷ್ ಮಾತ್ರೆ ಮೈಗೆ ನೀರ್ ತುಂಬ್ತೈತೆ. ಬಿಟ್ಬಿಡು. ನಮ್ ತಮ್ಮನ್ ಊರಾಗೆ ಬೇರು ಕೊಡ್ತಾರೆ," ಎಂದಳು.

ಮುನಿರತ್ನಮ್ಮ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದಳು. ಕೆಲವೇ ದಿನಗಳಲ್ಲಿ ಸುಸ್ತು, ಹೊಟ್ಟೆನೋವು. ನಾಲಿಗೆಯ ತುದಿಯಲ್ಲಿ ಮತ್ತೆ ಹುಣ್ಣು. ಒಡೆಯದೆ ಉಳಿದಿದ್ದ ಮಾತ್ರೆಯ ಪಟ್ಟಿಗಳು ಅಕ್ಕಿ ಡಬ್ಬದ ಹಿಂದೆ ನವ್ಯಳ ಕೈಗೆ ಸಿಕ್ಕವು.

"ಅತ್ತೆ! ಏನಿದು?"

"ಮುಖ ನೋಡೇ, ಕುಂಬಳಕಾಯಿ ಆಗೈತೆ. ಎಲ್ರೂ ನಗ್ತಾರೆ."

"ನಗ್ಲಿ! ನೀವು ಕೊಟ್ಟಿಗೇಲಿ ಬಿದ್ದಾಗ ಅವ್ರ್ಯಾರಾದ್ರೂ ಬಂದು ಎತ್ತಿದ್ರಾ? ಡಾಕ್ಟ್ರು ನಿಮ್ ಎದುರಿಗೇ ಹೇಳಿಲ್ವಾ? ನಿಮ್ಗೆ ಬುದ್ಧಿ ಇಲ್ವಾ?"

ಮನೆಯಲ್ಲಿ ಯಾರೂ ನವ್ಯಳ ಧ್ವನಿಯನ್ನು ಅಷ್ಟು ದೊಡ್ಡದಾಗಿ ಕೇಳಿರಲಿಲ್ಲ.

"ಅತ್ತೆ ಮ್ಯಾಲೆ ಕೂಗ್ತೀಯೇನೇ?" ಎಂದಳು ಮುನಿರತ್ನಮ್ಮ ಬೆರಗಾಗಿ.

"ಕೂಗ್ತೀನಿ! ಮಾತ್ರೆ ತಗೊಳ್ಳೋವರ್ಗೂ ಕೂಗ್ತೀನಿ!"

"ಕೂಗು ಅಮ್ಮಣ್ಣಿ," ಎಂದಳು ಅಮ್ಮಾಜಮ್ಮ. "ಈ ಮನ್ಯಾಗೆ ಅವ್ಳಿಗೆ ಎದುರು ಏಳೋರು ಒಬ್ರು ಬೇಕಾಗಿತ್ತು."

ಚಿರಂಜೀವಿ ಆಸ್ಪತ್ರೆಗೆ ಫೋನು ಮಾಡಿದ. ಆ ಮಾತ್ರೆಯನ್ನು ಹಾಗೆ ಒಮ್ಮೆಗೇ ನಿಲ್ಲಿಸುವುದು ಅಪಾಯವೆಂದೂ, ಸ್ವಲ್ಪ ಸ್ವಲ್ಪವಾಗಿ ತಾವೇ ಇಳಿಸುವುದಾಗಿಯೂ, ಆಗ ಮುಖವೂ ಇಳಿಯುವುದಾಗಿಯೂ ಹೇಳಿ, ಕೂಡಲೇ ಮತ್ತೆ ಶುರುಮಾಡಿಸಿದರು. ಅಲ್ಲಿಂದ ಮುಂದೆ ಮಾತ್ರೆ ಕೊಡುವುದು ವೆಂಕಟೇಶಪ್ಪನ ಜವಾಬ್ದಾರಿ. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ ಹಿಡಿದು, ಹೆಂಡತಿ ನುಂಗುವವರೆಗೂ ಎದುರಿಗೇ ನಿಲ್ಲುತ್ತಿದ್ದ. "ನಾಲ್ಗೆ ಎತ್ತು, ನೋಡಾಣ," ಎನ್ನುತ್ತಿದ್ದ.

"ನಾನೇನ್ ಕರುನಾ?" ಎಂದು ಅವಳು ಬೈಯುತ್ತಲೇ ನಾಲಿಗೆ ಎತ್ತಿ ತೋರಿಸುತ್ತಿದ್ದಳು.

ಮಳೆ ಶುರುವಾಗಿ ರಾಗಿ ಬಿತ್ತುವ ಹೊತ್ತಿಗೆ ಮುನಿರತ್ನಮ್ಮ ಮತ್ತೆ ಡೈರಿಗೆ ಹೋದಳು. ಸಾಲಿನಲ್ಲಿದ್ದ ಹೆಂಗಸರು ಸ್ವಲ್ಪ ಸರಿದರು. ಅವಳು ಕ್ಯಾನು ಕೆಳಗಿಟ್ಟು, ಎಲ್ಲರೆದುರಿಗೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಾಲು ತೋರಿಸಿದಳು. ಚರ್ಮದ ಮೇಲೆ ಕಂದು ಕಲೆಗಳು ಮಾತ್ರ ಉಳಿದಿದ್ದವು.

"ನೋಡ್ಕೊಳ್ಳಿ. ಇದು ಅಂಟಾ ಕಾಯ್ಲೆ ಅಲ್ಲ. ನಂಗೆ ಕರುಳಿನ ಕಾಯ್ಲೆ. ಬೇದಿ ಆಗ್ತಿತ್ತು, ರಕ್ತ ಓಗ್ತಿತ್ತು, ನಾಚ್ಕೊಂಡು ಯಾರ್ಗೂ ಏಳ್ನಿಲ್ಲ. ಅದು ಬಾಯ್ಗೂ ಕಾಲ್ಗೂ ಬಂತು. ನನ್ ಸೊಸೆ ಆಸ್ಪತ್ರೆಗೆ ಕರ್ಕೊಂಡ್ ಓಗಿದ್ದಕ್ಕೆ ನಿಂತಿದೀನಿ. ಇನ್ಯಾರಾದ್ರೂ ಅವ್ಳ್ ಸಾರಿನ್ ಮಾತೆತ್ತಿದ್ರೆ ನನ್ ಅತ್ರ ಬನ್ನಿ."

ಮುನಿನಾರಾಯಣಮ್ಮ ತನ್ನ ಕ್ಯಾನು ಹಿಂದಕ್ಕೆ ಎಳೆದುಕೊಂಡು, "ಬಾ, ಮುಂದೆ ಬಾ, ನಿಂತ್ಕೊಂಡ್ರೆ ಕಾಲ್ ನೋಯ್ತೈತೆ," ಎಂದು ಜಾಗ ಬಿಟ್ಟಳು.

ಮನೆಯಲ್ಲಿ ಬಾಡಿಗೆ ಮನೆಯ ಮಾತನ್ನು ಎಲ್ಲರೂ ಮರೆತಂತೆ ಇದ್ದರು. ಎತ್ತಿದವಳು ಮುನಿರತ್ನಮ್ಮನೇ. "ಲೇ ಚಿರು, ಆ ಪೆರುಮಾಳ್ ಮನೆ ಏನಾಯ್ತಲಾ?"

"ಬ್ಯಾಡ ಅಂದ್ಬಿಟ್ಟೆ ಅಮ್ಮ."

"ಯಾಕೆ? ಶಿಫ್ಟ್ ಮುಗಿಸ್ಕೊಂಡು ಕತ್ತಲಾಗೆ ಗಾಡೀಲಿ ಬರ್ತೀಯ, ನಂಗೆ ಎದೆ ಡವಡವ ಅಂತೈತೆ. ಬೇಕಾದ್ರೆ ಬ್ಯಾರೆ ಮನೆ ನೋಡು. ಓದ್ರೆ ನಗ್ತಾ ಓಗಿ, ಮುನಿಸ್ಕೊಂಡ್ ಓಗ್ಬೇಡಿ."

ಚಿರಂಜೀವಿ ಹೆಂಡತಿಯ ಮುಖ ನೋಡಿದ. "ಸುಗ್ಗಿ ಮುಗೀಲಿ, ಆಮೇಲೆ ನೋಡೋಣ," ಎಂದಳು ನವ್ಯ. "ಈಗ ಹೋದ್ರೆ ಮಾವ ಸಾರು ಮಾಡ್ಬೇಕಾಗುತ್ತೆ."

"ಬ್ಯಾಡಪ್ಪ!" ಎಂದಳು ಅಮ್ಮಾಜಮ್ಮ.

ಅತ್ತೆಸೊಸೆ ಇಬ್ಬರೇ ಆಸ್ಪತ್ರೆಗೆ ಮತ್ತೆ ತೋರಿಸಿಕೊಂಡು ಬರಲು ಹೋದ ದಿನ ಡಾಕ್ಟರ್ ಸಿಂಧು ಹೊಟ್ಟೆ ಒತ್ತಿ ನೋಡಿ, ಬಾಯಿ ನೋಡಿ, ಕಾಲು ನೋಡಿ, ರಕ್ತದ ರಿಪೋರ್ಟು ಚೆನ್ನಾಗಿದೆ ಎಂದರು. ಒಂದು ಮಾತ್ರೆ ಕಡಿಮೆ ಮಾಡಿ, ಇನ್ನೊಂದನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ ಎಂದರು. ಮಧ್ಯೆ ಮತ್ತೆ ಹುಣ್ಣು, ಗಂಟು ಕಾಣಿಸಿಕೊಂಡರೆ ಹೆದರದೆ, ಮುಚ್ಚಿಡದೆ ಬರಲು ಹೇಳಿದರು.

ಹಿಂತಿರುಗುವ ರೈಲು ಬಂಗಾರಪೇಟೆ ಮುಟ್ಟುವ ಮೊದಲು ಮುನಿರತ್ನಮ್ಮ ಸೊಸೆಯನ್ನು ತಿವಿದಳು. "ಇಲ್ಲೇ ಇಳ್ಯಾಣ. ನಿಮ್ಮಮ್ಮನ್ ಮನೇಗ್ ಓಗ್ಬರಾಣ."

"ಫೋನ್ ಮಾಡಿಲ್ವಲ್ಲ ಅತ್ತೆ."

"ಬೀಗರ ಮನೇಗೆ ಫೋನ್ ಮಾಡ್ಕೊಂಡ್ ಓಗ್ತಾರಾ? ಇಳಿ."

ಬಾಗಿಲು ತೆರೆದ ಸುಮಲತ ಬೀಗಿತಿಯನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಅವಳಿಗೆ ಮಗಳಿಂದ ಎಲ್ಲ ಗೊತ್ತಾಗಿತ್ತು. ಆದರೆ ಆವತ್ತು ಆಡಿ ಬಂದ ಮಾತಿನ ಮೇಲೆ ಯಾವ ಮುಖದಲ್ಲಿ ಬರುವುದೆಂದು ಇಷ್ಟು ದಿನ ಬಂದಿರಲಿಲ್ಲ. ಗಡಿಬಿಡಿಯಲ್ಲಿ ಕುರ್ಚಿ ಎಳೆದಳು, ಫ್ಯಾನು ಹಾಕಿದಳು, ಹಾಕಿದ್ದ ಫ್ಯಾನನ್ನು ಮತ್ತೆ ಆರಿಸಿದಳು.

"ಕೂತ್ಕೊಳ್ಳಿ ಅತ್ಗೆ. ಅದು... ಆವತ್ತು ನಾನು... ನೀವು ಅಷ್ಟು ನೋವಲ್ಲಿದ್ರಿ ಅಂತ ನಂಗೆ..."

"ನಾನ್ ಬಾಯಿಬಿಟ್ಟು ಏಳಿದ್ರೆ ತಾನೇ ನಿಮ್ಗೆ ಗೊತ್ತಾಗೋದು," ಎಂದಳು ಮುನಿರತ್ನಮ್ಮ. "ಅದಿರ್ಲಿ ಅತ್ಗೆ, ಮೊದ್ಲು ನಿಮ್ ಮನೆ ಕಕ್ಕಸು ಎಲ್ಲೈತೆ ಏಳಿ. ರೈಲಾಗಿಂದ ತಡ್ಕೊಂಡ್ ಬಂದಿದೀನಿ."

ಸುಮಲತ ಒಂದು ಕ್ಷಣ ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತಳು. ನವ್ಯಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಸುಮಲತಳೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾ ಹಿಂಬಾಗಿಲ ಕಡೆ ದಾರಿ ತೋರಿಸಿದಳು.

ಮುನಿರತ್ನಮ್ಮ ಕೈಕಾಲು ತೊಳೆದು ಬರುವಷ್ಟರಲ್ಲಿ ಒಳಗೆ ತಾಯಿಮಗಳು ಪಾತ್ರೆ ಸದ್ದು ಮಾಡುತ್ತಾ, ಅತ್ತೆಗೆ ಏನು ಆಗುತ್ತೆ, ಏನು ಆಗಲ್ಲ ಎಂದು ಪಿಸುಗುಟ್ಟುತ್ತಿದ್ದರು. ಅವಳು ಚಾಪೆಯ ಮೇಲೆ ಕಾಲು ಮಡಚಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಕೂಗಿದಳು:

"ಅಲ್ಲೇನ್ ಗುಸುಗುಸು? ಬಡ್ಸಿ ಬನ್ನಿ, ಹೊಟ್ಟೆ ಅಸೀತೈತೆ."